ಕೆರೆ ಸರಪಳಿ: ನಾಲ್ಕು ಪಂಚಾಯತಿ, ಒಂದೇ ಯೋಜನೆ

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳು ಒಂದರ ಬೆನ್ನಿಗೆ ಒಂದು ಕಟ್ಟಿದವು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಇಳಿಯುತ್ತದೆ. ಈಗ ಒಂದೇ ಸರಪಳಿಯ ಕೆರೆಗಳು ಮೂರು ನಾಲ್ಕು ಗ್ರಾಮ ಪಂಚಾಯತಿಗಳಲ್ಲಿ ಹಂಚಿಹೋಗಿವೆ. ಪ್ರತಿಯೊಂದೂ ತನ್ನ ಕೆರೆಯ ಹೂಳು ತೆಗೆಸಿ ಕೈತೊಳೆದುಕೊಳ್ಳುತ್ತದೆ. 2021ರ ನವೆಂಬರ್‌ನಲ್ಲಿ ಅತಿವೃಷ್ಟಿ ಕಂಡ ಈ ಸೀಮೆ 2023ರಲ್ಲಿ ಬರಗಾಲ ಕಂಡಿತು. ಇಂಥ ಏರುಪೇರನ್ನು ಒಂದು ಪಂಚಾಯತಿ ಒಂಟಿಯಾಗಿ ಎದುರಿಸಲಾರದು.

ಲೆಕ್ಕ ನೋಡಿ. ನಾಲ್ಕು ಚದರ ಕಿ.ಮೀ. ಜಲಾನಯನದ ಮೇಲೆ ಒಂದೇ ರಾತ್ರಿ 60 ಮಿ.ಮೀ. ಮಳೆ ಸುರಿದರೆ ಬೀಳುವ ನೀರು 2.4 ಲಕ್ಷ ಘನ ಮೀಟರ್. ಮೂರರಲ್ಲಿ ಒಂದು ಪಾಲು ಹರಿದು ಬಂದರೂ 80,000. ಐದು ಹೆಕ್ಟೇರ್ ಅಗಲದ, ಸರಾಸರಿ ಒಂದೂವರೆ ಮೀಟರ್ ಆಳದ ಕೆರೆ ಹಿಡಿಯುವುದು 75,000. ಮರುದಿನದ ಮಳೆಯೆಲ್ಲ ಕೆಳಗಿನ ಊರಿನ ಪಾಲು.

ಮೊದಲು ಆಗಬೇಕಾದದ್ದು ಅಳತೆ. ಎಲ್ಲ ಊರುಗಳ ಗ್ರಾಮ ನಕ್ಷೆ ಜೋಡಿಸಿ, ಪ್ರತಿ ಕೆರೆಯ ಕೋಡಿ ಮಟ್ಟ, ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿಯ) ತಳಮಟ್ಟ, ಕೆರೆಗೆ ನೀರು ತರುವ ಪೋಷಕ ಕಾಲುವೆಯ ತಳಮಟ್ಟಗಳನ್ನು ಎತ್ತರಕ್ಕೆ ಆಧಾರವಾದ ಒಂದೇ ಗುರುತಿನಿಂದ, ಅಂದರೆ ಒಂದೇ ಬೆಂಚ್‌ಮಾರ್ಕ್‌ನಿಂದ ತೆಗೆಯಬೇಕು. ಒಬ್ಬೊಬ್ಬರು ಒಂದೊಂದು ಬೆಂಚ್‌ಮಾರ್ಕ್ ಹಿಡಿದರೆ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆರೆಯ ನೀರು ನೋಡಿಕೊಳ್ಳುವ ನೀರುಗಂಟಿಗಳ ಮನೆತನದ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಒತ್ತುವರಿಯಲ್ಲಿ ಮುಚ್ಚಿಹೋದ ಕಾಲುವೆಯ ಜಾಡು ಅವರಿಗೆ ಗೊತ್ತಿರುತ್ತದೆ. ಮುಂದಿನ ವರ್ಷದ ಪಂಚಾಯತಿ ಅಭಿವೃದ್ಧಿ ಯೋಜನೆಯ ಗ್ರಾಮಸಭೆಗಳು ಅಕ್ಟೋಬರ್ 2ರಿಂದ ಶುರುವಾಗುವುದರಿಂದ ಈ ಅಳತೆ ಸೆಪ್ಟೆಂಬರ್‌ನೊಳಗೆ ಮುಗಿಯಬೇಕು. ಪ್ರತಿ ಪಂಚಾಯತಿ ತನ್ನ ಗಡಿಯೊಳಗಿನ ಕೆಲಸವನ್ನೇ ಸೇರಿಸಲಿ, ಆದರೆ ಪಟ್ಟಿ ಮಾತ್ರ ಎಲ್ಲರೂ ಒಟ್ಟಿಗೆ ಕೂತು ಮಾಡಿದ್ದಾಗಿರಲಿ.

ಕೆಲಸ ಮೇಲಿನಿಂದಲೇ ಇಳಿದು ಬರಬೇಕು: ಮೊದಲು ಗುಡ್ಡದ ಇಳಿಜಾರಿನಲ್ಲಿ ಬದು ಮತ್ತು ಕಲ್ಲಿನ ತಡೆ, ಆಮೇಲೆ ಪೋಷಕ ಕಾಲುವೆ, ಕೊನೆಗೆ ಕೆರೆಯ ಹೂಳು. ನಡೆಯುವುದು ಇದರ ತಿರುವುಮುರುವು. ಕೆಳಗಿನವರು ಮೊದಲೇ ಹೂಳೆತ್ತುತ್ತಾರೆ, ಮೇಲಿನ ಬೋಳು ಗುಡ್ಡದ ಮಣ್ಣು ಕೆಲವೇ ಮಳೆಗಾಲಗಳಲ್ಲಿ ಮತ್ತೆ ಬಂದು ಕೂರುತ್ತದೆ. ಆದ್ದರಿಂದ ತಮ್ಮ ಕೆರೆಗಿಂತ ಮುಂಚೆ ಮೇಲಿನ ಊರಿನ ಬದುಗಳಿಗೆ ಅನುದಾನ ಸಿಗಲಿ ಎಂದು ತಾಲ್ಲೂಕು ಪಂಚಾಯತಿಯಲ್ಲಿ ಕೆಳಗಿನವರೇ ಒತ್ತಾಯಿಸಬೇಕು. ಒಪ್ಪಿಸುವುದು ಕಷ್ಟ, ಆದರೆ ಒಟ್ಟಾಗುವುದರ ದೊಡ್ಡ ಲಾಭ ಇರುವುದೇ ಇಲ್ಲಿ.

ಹೂಳೆತ್ತುವಾಗ ಜೆಸಿಬಿಯವರನ್ನು ಅವರ ಪಾಡಿಗೆ ಬಿಡಬೇಡಿ. ಏರಿಯ ಬುಡಕ್ಕೆ ಹತ್ತಿರ ಅಗೆದರೆ ಏರಿ ಜಾರುತ್ತದೆ. ಅಲ್ಲಲ್ಲಿ ಆಳ ಗುಂಡಿ ತೋಡಿದರೆ ತೂಬಿಗಿಂತ ಕೆಳಗಿನ ನೀರು ಗದ್ದೆಗೆ ಹರಿಯುವುದಿಲ್ಲ, ಆ ಗುಂಡಿಯಲ್ಲಿ ದನ, ಮಕ್ಕಳು ಮುಳುಗುವ ಅಪಾಯ ಬೇರೆ. ತೆಗೆದ ಗೋಡು, ಅಂದರೆ ಹೂಳುಮಣ್ಣು, ಹೊಲಕ್ಕೆ ಹೋಗಲಿ: ಎಕರೆಗೆ ಒಂದು ಅಂಗುಲ ಹರಡಲು ಸುಮಾರು 100 ಘನ ಮೀಟರ್, ಅಂದರೆ ಮೂರು ಘನ ಮೀಟರ್ ಹಿಡಿಯುವ ಟ್ರಾಕ್ಟರಿನಲ್ಲಿ 34 ಲೋಡು ಬೇಕು. ಯಂತ್ರವನ್ನು ನಾಲ್ಕು ಪಂಚಾಯತಿಗಳು ಸಾಲಾಗಿ ಬಳಸಿದರೆ ಪ್ರತಿ ಸಲ ಸಾಗಿಸಿ ತರುವ ಬಾಡಿಗೆ ಉಳಿಯುತ್ತದೆ.

ವಿದ್ಯುತ್ತಿನ ಲಾಭವನ್ನೂ ಮರೆಯಬಾರದು. ನೂರು ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತಲು, ಪಂಪಿನ ದಕ್ಷತೆ ಅರ್ಧ ಎಂದುಕೊಂಡರೆ, ಅರ್ಧ ಯೂನಿಟ್‌ಗಿಂತ ತುಸು ಹೆಚ್ಚೇ ಬೇಕು. ಕೆರೆ ತುಂಬಿ ಕೊಳವೆಬಾವಿಯ ನೀರು 50 ಮೀಟರಿಗೆ ಏರಿದರೆ ಅದು ಅರ್ಧಕ್ಕಿಳಿಯುತ್ತದೆ.

ಜಗಳ ಹುಟ್ಟುವುದು ಕೋಡಿಯಲ್ಲಿ. ಹೆಚ್ಚು ನೀರು ನಿಲ್ಲಲಿ ಎಂದು ಮರಳುಚೀಲ ಜೋಡಿಸಿದರೆ ಹಿಂಬದಿಯ ಹೊಲ ಮುಳುಗುತ್ತದೆ, ಏರಿ ಒಡೆದರೆ ಕೆಳಗಿನ ಕೆರೆಗಳೂ ಸಾಲಾಗಿ ಒಡೆಯಬಹುದು. ಪ್ರತಿ ಕೆರೆಯ ಕೋಡಿಯ ಎತ್ತರವನ್ನು ಎಲ್ಲ ಪಂಚಾಯತಿಗಳೂ ಒಂದೇ ಅಂಕಿಯಲ್ಲಿ ನಿರ್ಣಯವಾಗಿ ಬರೆದು, ಕಲ್ಲಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಬೇಕು. ನೀರು ಆ ಗುರುತಿಗೆ ಒಂದು ಅಡಿ ಕೆಳಗಿರುವಾಗಲೇ ಮೇಲಿನ ಊರಿನ ನೀರುಗಂಟಿ ಕೆಳಗಿನ ಊರಿನ ಪಿಡಿಒಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ) ಫೋನ್ ಮಾಡಬೇಕು.