ನಾಲ್ಕು ಇಂಚು, ಐದು ತಿಂಗಳು

ಬ್ಲಾಕ್, ಅಂದರೆ ಗಾಡಿಗಳನ್ನು ತಡೆದು ಹಳಿಯನ್ನು ನಮ್ಮ ಕೆಲಸಕ್ಕೆ ಬಿಟ್ಟುಕೊಡುವ ಹೊತ್ತು, ಸಿಗಬೇಕಾಗಿದ್ದುದು ರಾತ್ರಿ 1.10ಕ್ಕೆ, ಸಿಕ್ಕಿದ್ದು 1.42ಕ್ಕೆ. ನಾವು ಕೇಳಿದ್ದು ಮೂರು ಗಂಟೆ, ಮಂಜೂರಾದದ್ದು ಎರಡು. ಅದರಲ್ಲೂ ಅರ್ಧ ಗಂಟೆಯನ್ನು ತಡವಾಗಿ ಬಂದ ಗೂಡ್ಸ್ ಗಾಡಿಯೊಂದು ನುಂಗಿಹಾಕಿತು. ರೈಲ್ವೆಯ ವಿದ್ಯುತ್ ತಂತಿ ನೋಡಿಕೊಳ್ಳುವ ಟಿಆರ್‌ಡಿಯವರು ಕರೆಂಟ್ ತೆಗೆದು, ಎರಡೂ ಕಡೆ ತಂತಿಯಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಡಿಸ್‌ಚಾರ್ಜ್ ರಾಡ್ ತಗುಲಿಸಿ, ಪರ್ಮಿಟ್ ನನ್ನ ಕೈಗಿಟ್ಟಾಗ 2.01. ಏನೇ ಆದರೂ 3.10ಕ್ಕೆ ಹಳಿ ಬಿಟ್ಟುಕೊಡಬೇಕು.

ಲೆವೆಲ್ ಕ್ರಾಸಿಂಗ್ ಮುಚ್ಚಿ ಮೇಲ್ಸೇತುವೆ ಕಟ್ಟುವ ಕೆಲಸವದು. ನಾನು ಗುತ್ತಿಗೆ ಕಂಪನಿಯ ಸೈಟ್ ಇಂಜಿನಿಯರ್. ಊರು, ಕಂಪನಿ ಯಾವುದೆಂದು ಹೇಳುವುದಿಲ್ಲ. ಇಬ್ಬರ ಉಪ್ಪನ್ನೂ ತಿಂದಿದ್ದೇನೆ. ಆ ರಾತ್ರಿ ಸೇತುವೆಯ ಎರಡು ಗರ್ಡರ್ (ತೊಲೆ), ಮರುದಿನ ಇನ್ನೆರಡು ಕೂರಿಸಬೇಕೆಂಬುದು ಯೋಜನೆ. ಕ್ರೇನ್ ಮೂರು ದಿನ ಮೊದಲೇ ಬಂದು ನಿಂತಿತ್ತು, ಅದರ ಬಾಡಿಗೆಯ ಮೀಟರ್ ಹಗಲು ರಾತ್ರಿ ಓಡುತ್ತಿತ್ತು.

ಆ ಮಧ್ಯಾಹ್ನವೇ ಕ್ರೇನ್ ಆಪರೇಟರ್ ನನ್ನನ್ನು ಕರೆದು, "ಸರ್, ಈ ಹಿಂದಿನ ಕಾಲಿನ ಕೆಳಗೆ ನೆಲ ಮೆತ್ತಗಿದೆ" ಎಂದಿದ್ದ. ನಾನು ಬೂಟಿನಿಂದ ಎರಡು ಸಲ ತುಳಿದು ನೋಡಿದೆ. "ಇನ್ನೊಂದು ಪ್ಲೇಟ್ ಹಾಕಿಸು, ಸಾಕು" ಎಂದೆ. ಅವನು ಮಾತು ಮುಂದುವರಿಸಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

2.09ಕ್ಕೆ ಮೊದಲ ಗರ್ಡರ್ ನೆಲ ಬಿಟ್ಟಿತು. ಕ್ರೇನಿನ ತೋಳು, ಅಂದರೆ ಬೂಮ್, ನಿಧಾನವಾಗಿ ಹಳಿಯ ಕಡೆಗೆ ತಿರುಗತೊಡಗಿತು. ಕ್ರೇನಿನ ಹಿಂಬದಿಯಲ್ಲಿ ಟಾರ್ಚ್ ಹಿಡಿದು ನಿಂತಿದ್ದ, ಭಾರ ಕಟ್ಟುವ ಕೆಲಸದ ರಿಗ್ಗರ್ ಹುಡುಗ ಕೂಗಲಿಲ್ಲ, ಸೀಟಿ ಊದಲಿಲ್ಲ, ಸುಮ್ಮನೆ ಕೈ ಮೇಲೆತ್ತಿದ. ಹೋಗಿ ನೋಡಿದರೆ ಪ್ಲೇಟಿನ ಒಂದು ಅಂಚು ಮಣ್ಣಿನೊಳಗೆ ಇಳಿಯುತ್ತಿತ್ತು. ಒಂದು ಇಂಚು. ನೋಡುತ್ತಿದ್ದಂತೆಯೇ ಎರಡು. ತೂಗುತ್ತಿದ್ದ ಗರ್ಡರಿನ ತುದಿ ಇನ್ನೂ ಹಳಿಯ ಮೇಲಕ್ಕೆ ಬಂದಿರಲಿಲ್ಲ, ಅಷ್ಟೇ ಪುಣ್ಯ. ರೈಲ್ವೆಯ ಸೀನಿಯರ್ ಸೆಕ್ಷನ್ ಇಂಜಿನಿಯರ್ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ನಾಚಿಕೆಯಾದರೂ ಬರೆಯುತ್ತೇನೆ: ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದುದು ಕೆಳಗೆ ನಿಂತ ಹುಡುಗನಲ್ಲ, ಈ ಬ್ಲಾಕ್ ಹೋದರೆ ಮುಂದಿನದು ಯಾವಾಗ ಎಂಬ ಲೆಕ್ಕ. "ಇನ್ನೊಂದು ನಿಮಿಷ ನೋಡೋಣ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಪರೇಟರ್ ನನ್ನನ್ನು ಕೇಳದೆಯೇ ಬೂಮನ್ನು ಹಿಂದಕ್ಕೆ ತಿರುಗಿಸಿ ಗರ್ಡರನ್ನು ಕೆಳಗಿಳಿಸತೊಡಗಿದ್ದ. ಅದು ಮತ್ತೆ ಮರದ ದಿಮ್ಮಿಗಳ ಮೇಲೆ ಕೂರುವ ಹೊತ್ತಿಗೆ 2.31. ಪ್ಲೇಟ್ ನಾಲ್ಕು ಇಂಚು ಇಳಿದಿತ್ತು.

ಬೆಳಕು ಹರಿದ ಮೇಲೆ ಅಗೆದು ನೋಡಿದೆವು. ಮೇ ತಿಂಗಳಲ್ಲಿ ಎಸ್ ಅಂಡ್ ಟಿ (ಸಿಗ್ನಲ್ ಮತ್ತು ದೂರಸಂಪರ್ಕ) ಕೇಬಲ್ ಸ್ಥಳಾಂತರಿಸಿದಾಗ ತೋಡಿದ್ದ ಹಳೆಯ ಗುಂಡಿ ಅದು. ತರಾತುರಿಯಲ್ಲಿ ಮುಚ್ಚಿಸಿ, ರೋಲರನ್ನು ಒಂದೇ ಸಲ ಓಡಿಸಿ, "ಕೆಲಸ ಪೂರ್ಣ" ಎಂದು ಸಹಿ ಹಾಕಿದವರು ಯಾರು? ನಾನೇ. ಅದರ ಮೇಲೆ ಮುಂಗಾರು ಮಳೆ ಸುರಿದಿತ್ತು.

ಮಣ್ಣು ತೆಗೆದು, ಜಲ್ಲಿ ತುಂಬಿ, ಗಟ್ಟಿ ಮಾಡಲು ಹಿಡಿದದ್ದು ಎರಡೇ ದಿನ. ಮುಂದಿನ ಬ್ಲಾಕ್ ಸಿಕ್ಕಿದ್ದು ಐದು ತಿಂಗಳ ಬಳಿಕ. ಮೊದಲು ಗಣೇಶ ಹಬ್ಬದ ವಿಶೇಷ ರೈಲುಗಳು, ನಂತರ ದಸರಾ, ಆಮೇಲೆ ದೀಪಾವಳಿ. ಅದು ಮುಗಿಯುವಷ್ಟರಲ್ಲಿ ಪಕ್ಕದ ನಿಲ್ದಾಣದಲ್ಲಿ ಸಿಗ್ನಲ್ ವ್ಯವಸ್ಥೆ ಬದಲಿಸುವ ನಾನ್‌ ಇಂಟರ್‌ಲಾಕಿಂಗ್ ಕೆಲಸ. ಯಾರನ್ನೂ ದೂರುವಂತಿಲ್ಲ, ಗಾಡಿ ಓಡುತ್ತಿರುವ ಹಳಿಯ ಮೇಲಿನ ಕೆಲಸವೆಂದರೆ ಹಾಗೆಯೇ. ಕ್ರೇನ್ ವಾಪಸ್ ಹೋಯಿತು, ಮತ್ತೆ ಬಂತು. ಸಾಗಾಣಿಕೆ ವೆಚ್ಚ ಎರಡೆರಡು ಸಲ. ಗರ್ಡರ್ ಕೂರದೆ ಸ್ಲ್ಯಾಬ್ ಇಲ್ಲ, ಸ್ಲ್ಯಾಬ್ ಇಲ್ಲದೆ ರಸ್ತೆಯಿಲ್ಲ. ಆ ಗುಂಪಿನ ಕಾರ್ಮಿಕರು ಬೇರೆ ಸೈಟಿಗೆ ಹೋದರು, ಅರ್ಧ ಜನ ಹಿಂತಿರುಗಲಿಲ್ಲ. ಅವಧಿ ವಿಸ್ತರಣೆ ಸಿಕ್ಕಿದ ಕೂಡಲೇ ಸ್ಟೀಲ್, ಸಿಮೆಂಟ್, ಡೀಸೆಲ್‌ಗೆಲ್ಲ ಪ್ರೈಸ್ ವೇರಿಯೇಷನ್, ಅಂದರೆ ಬೆಲೆ ಏರಿಳಿತದ ಲೆಕ್ಕ. ಗೇಟಿನಲ್ಲಿ ನಿಂತ ಬಸ್ಸಿನವರು ನಮ್ಮನ್ನು ಬೈದುಕೊಂಡು ಕಾದರು.

ಇಷ್ಟಾದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನನ್ನು ಈಗಲೂ ಚುಚ್ಚುವುದು ಹಿಂಡ್ರೆನ್ಸ್ ರಿಜಿಸ್ಟರ್, ಅಂದರೆ ಕೆಲಸದ ಅಡ್ಡಿಗಳನ್ನು ದಾಖಲಿಸುವ ಪುಸ್ತಕ. ಅದೀಗ ಕಂಪ್ಯೂಟರಿನಲ್ಲಿದೆ. ವಿಳಂಬದ ಕಾರಣ ಎಂಬಲ್ಲಿ ಆರು ಆಯ್ಕೆಗಳು: ಭೂಸ್ವಾಧೀನ, ಅರಣ್ಯ, ಯುಟಿಲಿಟಿ (ಕೇಬಲ್, ಪೈಪು ಇತ್ಯಾದಿ), ಮಳೆ, ಬ್ಲಾಕ್ ಅಲಭ್ಯ, ಇತರೆ. 'ಇತರೆ' ಒತ್ತಿದರೆ ಹೆಡ್ ಆಫೀಸಿಗೆ ಎರಡು ಪುಟದ ವಿವರಣೆ ಬರೆಯಬೇಕು, ದಂಡದ ಮಾತೂ ಬರುತ್ತದೆ. 'ಬ್ಲಾಕ್ ಅಲಭ್ಯ' ಎಂದು ಒತ್ತಿದೆ. ಅದು ಸುಳ್ಳೂ ಅಲ್ಲವಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಒಂದೂ ಪ್ರಶ್ನೆ ಕೇಳದೆ ಅನುಮೋದಿಸಿದರು.

ಅಂದಿನಿಂದ ಒಂದೇ ಪದದ ಕಾರಣಗಳನ್ನು ನಾನು ನಂಬುವುದಿಲ್ಲ. 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ 2017ರಲ್ಲಿ ಪೂರ್ತಿಯಾಯಿತು. ಬೆಂಗಳೂರು–ಹಾಸನ ಮಾರ್ಗದ್ದೂ ಹೆಚ್ಚುಕಡಿಮೆ ಅದೇ ಕತೆ. ಕೇಳಿದರೆ ಜನ 'ಭೂಮಿ' ಎನ್ನುತ್ತಾರೆ, 'ಹಣ' ಎನ್ನುತ್ತಾರೆ. ಹೌದು, ಅವೂ ಇವೆ. ಬಜೆಟ್ಟಿನಲ್ಲಿ ವರ್ಷಕ್ಕೊಂದು ಚಮಚೆ ಹಾಕಿದರೆ ಯಾವ ಮಾರ್ಗವೂ ಮುಗಿಯುವುದಿಲ್ಲ. ವೆಚ್ಚದ ಮಾತೂ ಹಾಗೆಯೇ. ಬೆಂಗಳೂರು ಮೆಟ್ರೋದ ಮೊದಲ ಹಂತಕ್ಕೆ 2006ರಲ್ಲಿ ಶಂಕುಸ್ಥಾಪನೆಯಾಗಿ 2017ರಲ್ಲಿ ಮುಗಿಯುವಷ್ಟರಲ್ಲಿ ಖರ್ಚು ಮೊದಲ ಅಂದಾಜಿನ ಎರಡು ಪಟ್ಟು ದಾಟಿತ್ತು. ಆದರೆ ಈ ನಡುವೆ 33 ಕಿಲೋಮೀಟರಿನ ಯೋಜನೆ 42.3ಕ್ಕೆ ಬೆಳೆದಿತ್ತು ಎಂಬುದನ್ನು ಬೈಯುವವರೂ ಹೇಳುವುದಿಲ್ಲ, ಸಮರ್ಥಿಸುವವರೂ ಬಿಡಿಸಿ ಹೇಳುವುದಿಲ್ಲ. ಮುಂದಿನ ಅಂದಾಜು ತಯಾರಿಸುವವನು ನೋಡುವುದು ನಮ್ಮಂಥವರು ತುಂಬಿದ ಆ ಆರು ಆಯ್ಕೆಗಳನ್ನೇ. ಅದರಲ್ಲಿ ಸರಿಯಾಗಿ ಮುಚ್ಚದ ಗುಂಡಿಗೆ ಜಾಗವೇ ಇಲ್ಲದ ಮೇಲೆ ಅವನ ಅಂದಾಜಿನಲ್ಲಿ ಎಲ್ಲಿಂದ ಬರಬೇಕು?

ಈಗ ಕ್ರೇನ್ ನಿಲ್ಲಿಸುವ ಜಾಗದಲ್ಲಿ ಹಿಂದಿನ ದಿನವೇ ಪರೀಕ್ಷೆಗೆಂದು ಗರ್ಡರ್ ಎತ್ತಿಸಿ, ಹತ್ತು ನಿಮಿಷ ಹಾಗೆಯೇ ಹಿಡಿಸಿ ನೋಡುತ್ತೇನೆ. ಆಪರೇಟರ್ ಬೇಡ ಎಂದರೆ ಬೇಡ. ಕಾರಣ ಕೇಳುವುದೂ ಇಲ್ಲ. ಜನವರಿಯ ಆ ಎರಡನೆಯ ಬ್ಲಾಕಿನಲ್ಲಿ ಎರಡೂ ಗರ್ಡರ್ ಕೂತ ಮೇಲೆ ಇನ್ನೂ ಹದಿನೆಂಟು ನಿಮಿಷ ಉಳಿದಿತ್ತು.

ಕಳೆದ ತಿಂಗಳು ಆಡಿಟ್‌ನವರ ಪ್ರಶ್ನೆ ಬಂತು: ಒಂದೇ ಕೆಲಸಕ್ಕೆ ಕ್ರೇನ್ ಎರಡು ಸಲ ಏಕೆ? ಎರಡು ಪುಟದ ಉತ್ತರ ಬರೆದು ಮ್ಯಾನೇಜರ್ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು, "ರಿಜಿಸ್ಟರಿನಲ್ಲಿ ಇರುವುದನ್ನೇ ಬರೆಯಿರಿ" ಎಂದರು. ಹೊಸ ಉತ್ತರ ಒಂದೂವರೆ ಸಾಲಿನಲ್ಲಿ ಮುಗಿಯಿತು.