ಪಕ್ಕದ ಬಾಗಿಲ ಹತ್ತಿರದ ಕುರ್ಚಿ

ಈ ಸಲದ ಗಣೇಶನ ಹಬ್ಬಕ್ಕೆ ಅಮ್ಮ ನಮ್ಮ ಜೊತೆಗಿದ್ದಳು. ನಾವಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ. ಹಬ್ಬದ ದಿನ ಮನೆಯಲ್ಲಿ ಪೂಜೆ, ಶನಿವಾರ ಬಾಡಿಗೆ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರುವುದು. ಗರಿಕೆ ಎಲ್ಲಿ ಸಿಗುತ್ತೋ ಅಂತ ಅಮ್ಮನಿಗೆ ಚಿಂತೆ ಇತ್ತು. ಇಲ್ಲಿ ಮನೆ ಮುಂದೆ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ. ಅಂಗಳದಲ್ಲಿ ಕೂತು ಇಪ್ಪತ್ತೊಂದು ಎಳೆ ಆರಿಸಿಕೊಂಡಳು.

ಹಾಲ್‌ನ ಬಾಗಿಲಿಗೆ ತೋರಣ ಕಟ್ಟಿದ್ದರು. ಅದರ ಕೆಳಗೆ, ಗಾಜಿನ ಮೇಲೆ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ದಪ್ಪ ಅಕ್ಷರದ ಬೋರ್ಡು.

"ಏನೇ ಅದು?"

"ಒಳಗೆ ಬಂದೂಕು ತರಬಾರದು ಅಂತಮ್ಮ."

"ಪೂಜೆಗೆ ಯಾರು ತರ್ತಾರೆ?"

2021ರ ಸೆಪ್ಟೆಂಬರ್‌ನಿಂದ ಇಲ್ಲಿ ಇಪ್ಪತ್ತೊಂದು ದಾಟಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೇ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು. ಬೇಡ ಅನ್ನುವವರು ಹೀಗೆ ಬೋರ್ಡು ಹಾಕಬೇಕು. ಅಷ್ಟು ಹೇಳಿದೆ. 2023ರ ಮೇ 6ರಂದು ಪಕ್ಕದ ಆಲೆನ್‌ನ ಮಾಲ್‌ನಲ್ಲಿ ಎಂಟು ಜನರನ್ನು ಗುಂಡಿಟ್ಟು ಕೊಂದದ್ದನ್ನು ಹೇಳಲಿಲ್ಲ. ಸತ್ತವರಲ್ಲಿ ಮಕ್ಕಳೂ ಇದ್ದರು. ನಾವು ಬಟ್ಟೆ ತರಲು ಹೋಗುತ್ತಿದ್ದ ಜಾಗ ಅದು. ಅಂದಿನಿಂದ ಎಲ್ಲಿಗೆ ಹೋದರೂ ನಾನು ಮೊದಲು ಹುಡುಕುವುದು ಹೊರಗೆ ಹೋಗುವ ಬಾಗಿಲನ್ನು.

ಅಮ್ಮನಿಗೆ ಮಂಟಪದ ಎದುರೇ ಕೂರಬೇಕಿತ್ತು. ಅಲ್ಲಿ ಸೆಕೆ ಅಂತ ಸುಳ್ಳು ಹೇಳಿ ಪಕ್ಕದ ಬಾಗಿಲ ಹತ್ತಿರ ಕೂರಿಸಿದೆ. ದೇವರ ಮುಂದೆ ಸುಳ್ಳು ಹೇಳಿದೆನಲ್ಲ ಅಂತ ಬೇಜಾರಾಯಿತು. ಆದರೂ ಅಲ್ಲೇ ಕೂರಿಸಿದೆ.

ಮಂಗಳಾರತಿಯ ಹೊತ್ತಿಗೆ ಹೊರಗಿನಿಂದ ಫಟ್ ಅಂತ ಸದ್ದು ಬಂತು. ಹಾಡು ನಿಂತುಹೋಯಿತು. ಎಲ್ಲರ ಮುಖವೂ ಬಾಗಿಲ ಕಡೆ. ನನ್ನ ಏಳು ವರ್ಷದ ಮಗಳು ಅಜ್ಜಿಯ ಸೆರಗು ಹಿಡಿದೆಳೆದು ಗೋಡೆ ಬದಿಗೆ ಕೂರಿಸಿ, ಬಾಯಿ ಮೇಲೆ ಬೆರಳಿಟ್ಟಳು. "ಅಜ್ಜಿ, ಮಾತಾಡ್ಬೇಡ. ಉಸಿರೂ ಮೆಲ್ಲಗೆ ಬಿಡು." ಸ್ಕೂಲಿನಲ್ಲಿ ಕಲಿಸಿದ್ದಾರೆ: ದೀಪ ಆರಿಸಬೇಕು, ಬಾಗಿಲಿಗೆ ಕಾಣದಂತೆ ಕೂರಬೇಕು, ಸದ್ದು ಮಾಡಬಾರದು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಮಗ್ಗಿ ಒಪ್ಪಿಸುವಾಗ ಇರುವಷ್ಟೇ ಗಮನ. ಅದನ್ನು ನೋಡಿ ನನ್ನ ಕೈಕಾಲು ತಣ್ಣಗಾದವು.

"ಈಡುಗಾಯಿ ರೀ, ಈಡುಗಾಯಿ!" ಅಂತ ಕೂಗುತ್ತಾ ಒಬ್ಬರು ಒಳಗೆ ಬಂದರು. ಹೊರಗೆ ಸಿಮೆಂಟಿನ ಮೇಲೆ ಒಡೆದಿದ್ದರು. ಆರತಿ ಮುಂದುವರಿಯಿತು. ಈಡುಗಾಯಿಯ ಸದ್ದಿಗೆ ಊರಲ್ಲಿ ನಾವು ಚೂರು ಆಯಲು ಓಡುತ್ತಿದ್ದೆವು ಅಲ್ವಾ? ಇಲ್ಲಿ ಒಂದು ಮಗುವೂ ಜಾಗ ಬಿಟ್ಟು ಏಳಲಿಲ್ಲ.

ಅಮ್ಮ ಮನೆಗೆ ಬರುವವರೆಗೂ ಏನೂ ಕೇಳಲಿಲ್ಲ. ರಾತ್ರಿ ಮಗಳನ್ನು ತಬ್ಬಿಕೊಂಡೇ ಮಲಗಿದಳು.

ಮರುದಿನ ವಿಸರ್ಜನೆಗೆ ಅದೇ ಹಾಲ್‌ಗೆ ಹೋದೆವು. ಮಂಟಪದ ಎದುರು ಖಾಲಿ ಕುರ್ಚಿಗಳು ಬೇಕಾದಷ್ಟಿದ್ದವು. ಅಮ್ಮ ಅಲ್ಲೇ ನಿಂತು ಕೈ ಮುಗಿದಳು. ಆಮೇಲೆ ಮೊಮ್ಮಗಳ ಕೈ ಹಿಡಿದುಕೊಂಡು ಹೋಗಿ, ಪಕ್ಕದ ಬಾಗಿಲ ಹತ್ತಿರ ಕೂತಳು.