ಹಿರಿಯೂರಿನ ನಡುನೆತ್ತಿಗೆ ಸೂರ್ಯ ಬರುವ ವಾರ

ನಮ್ಮದು ಹಿರಿಯೂರು ಪಕ್ಕದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಎಂಟನೇ ತರಗತಿವರೆಗೆ ಇದೆ. ಇಲ್ಲಿನ ಅಕ್ಷಾಂಶ 13.95 ಡಿಗ್ರಿ ಉತ್ತರ. ಆಗಸ್ಟ್ 15ರಂದು ಸೂರ್ಯ ನಡುನೆತ್ತಿಗೆ ಬರುವುದು ಹೆಚ್ಚುಕಮ್ಮಿ ಇದೇ ಅಕ್ಷಾಂಶದಲ್ಲಿ. ಅಂದರೆ ಸ್ವಾತಂತ್ರ್ಯ ದಿನವೇ ನಮಗೆ ಶೂನ್ಯ ನೆರಳಿನ ದಿನ, ನಡುಮಧ್ಯಾಹ್ನ ನೆಟ್ಟಗೆ ನಿಂತದ್ದರ ನೆರಳು ಬುಡದಲ್ಲೇ ಅಡಗುವ ದಿನ. ಬೆಂಗಳೂರಿನವರು ಆಗಸ್ಟ್ 18ರವರೆಗೆ ಕಾಯಬೇಕು. ವರ್ಷಕ್ಕೆ ಇನ್ನೊಂದು ಸಲವೂ ಬರುತ್ತದೆ, ಏಪ್ರಿಲ್ 27ರ ಸುಮಾರಿಗೆ. ಆದರೆ ಆಗ ಬೇಸಿಗೆ ರಜೆ, ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿ.

ಶೂನ್ಯ ನೆರಳಿನ ದಿನ ಅಂದರೆ ಬಿಸಿಲಲ್ಲಿ ಬಾಟಲಿ ನಿಲ್ಲಿಸಿ, ಫೋಟೊ ತೆಗೆದು, ಚಪ್ಪಾಳೆ ತಟ್ಟಿ ಮುಗಿಸುವುದು ರೂಢಿ. ನನಗೆ ಅದು ಸಾಲದು. ನೆರಳು ಇಲ್ಲದ ಆ ಒಂದು ಗಳಿಗೆಗಿಂತ ಅದರ ಆಚೀಚೆಯ ದಿನಗಳಲ್ಲಿ ಕಲಿಯುವುದು ಜಾಸ್ತಿ. ಹಾಗಾಗಿ ಈ ಸಲ ಏಳು ಮತ್ತು ಎಂಟನೇ ತರಗತಿಗೆ ಇಡೀ ವಾರ ನೆರಳು ಅಳೆಯುವ ಕೆಲಸ ಕೊಟ್ಟೆ. ಕವಾಯತು, ದೇಶಭಕ್ತಿ ಗೀತೆ, ಭಾಷಣದ ಬಾಯಿಪಾಠ ಎಲ್ಲದರ ನಡುವೆ ಇದೂ ಒಂದು. ಮುಖ್ಯ ಶಿಕ್ಷಕರು ಒಂದೇ ಷರತ್ತು ಹಾಕಿದರು: ಊಟದ ಗಂಟೆ ಹೊಡೆದ ಮೇಲೆ ಯಾರೂ ಬಿಸಿಲಲ್ಲಿ ನಿಲ್ಲಬಾರದು.

ಸೋಮವಾರ, ಆಗಸ್ಟ್ 11

ಮೊದಲು ಉತ್ತರ-ದಕ್ಷಿಣ ಗೆರೆ ಬೇಕು. ಮೊಬೈಲಿನ ದಿಕ್ಸೂಚಿ ಇದೆ, ಆದರೆ ಅದನ್ನು ನೋಡಿ ಗೆರೆ ಎಳೆದರೆ ಮಜಾ ಇಲ್ಲ. ಒಂದು ಮೀಟರ್ ಕಬ್ಬಿಣದ ಸರಳನ್ನು ದಪ್ಪ ತಗಡಿನ ಮೇಲೆ ನೆಟ್ಟಗೆ ವೆಲ್ಡಿಂಗ್ ಮಾಡಿಸಿ ತಂದಿದ್ದೆ. ಅಂಗಳದ ಸಿಮೆಂಟ್ ನೆಲದಲ್ಲಿ ಅದನ್ನು ಇಟ್ಟು, ರಸಮಟ್ಟದಲ್ಲಿ ನೋಡಿ, ಸುತ್ತ 60 ಸೆಂ.ಮೀ. ತ್ರಿಜ್ಯದ ವೃತ್ತ ಬರೆದೆವು. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗಕ್ಕೆ ಒಂದು ಗುರುತು, ಮಧ್ಯಾಹ್ನ ಹೊರಗೆ ಹೋಗುವ ಜಾಗಕ್ಕೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ, ಅದಕ್ಕೆ ಲಂಬವಾಗಿ ಎಳೆದರೆ ಉತ್ತರ-ದಕ್ಷಿಣ. ನಮ್ಮ ಹಳೆಯ ಸಿದ್ಧಾಂತ ಗ್ರಂಥಗಳಲ್ಲಿ 12 ಅಂಗುಲದ ಶಂಕು, ಅಂದರೆ ನೆರಳು ನೋಡುವ ಗೂಟ, ನೆಟ್ಟು ದಿಕ್ಕು ಕಂಡುಕೊಳ್ಳುತ್ತಿದ್ದುದೂ ಹೀಗೇ.

ಒಳಗೆ ಬಂದದ್ದು 10:20ಕ್ಕೆ, ಹೊರಗೆ ಹೋದದ್ದು 2:36ಕ್ಕೆ. ಎಂಟನೇ ತರಗತಿಯ ಒಬ್ಬ ಹುಡುಗ ಸುಮ್ನೆ ಎರಡರ ನಡು ತೆಗೆದ. 12:28 ಬಂತು. "ಹಂಗಾದ್ರೆ ಹನ್ನೆರಡಕ್ಕೆ ಸೂರ್ಯ ನೆತ್ತಿ ಮೇಲೆ ಇರಲ್ವಾ ಮಿಸ್?" ಇರುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 76.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ ಅಂದರೆ ಸುಮಾರು 24 ನಿಮಿಷ ಅಲ್ಲೇ ಹೋಯಿತು. ಉಳಿದ ನಾಲ್ಕೈದು ನಿಮಿಷ ಭೂಮಿಯ ಕಕ್ಷೆ ಮತ್ತು ಓರೆಯಿಂದ ಬರುವುದು. ಅದನ್ನು ಎಂಟನೇ ತರಗತಿಗೆ ಪೂರ್ತಿ ಬಿಡಿಸಿ ಹೇಳಲು ಹೋಗಲಿಲ್ಲ.

ಆ ದಿನದ ಅತಿ ಗಿಡ್ಡ ನೆರಳು ಸುಮಾರು 2 ಸೆಂ.ಮೀ. ಬಿದ್ದದ್ದು ದಕ್ಷಿಣಕ್ಕೆ. ಸೂರ್ಯ ನಮಗಿಂತ ಉತ್ತರಕ್ಕೆ ಇದ್ದಾನೆ ಅಂತ ಅರ್ಥ. ಇದನ್ನು ಒಪ್ಪಿಸಲು ನಾನು ಗ್ಲೋಬ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಬ್ಬಳು ಎದ್ದು ನಿಂತಳು. ದೀಪಾವಳಿ ಹೊತ್ತಿಗೆ ಅವರ ಮನೆಯ ತೆಂಕಣ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದಂತೆ, ಈಗ ಬಡಗಣ ಗೋಡೆಗೆ. ಅವರಮ್ಮ ಹಪ್ಪಳ ಒಣಗಿಸುವ ಜಾಗ ಬದಲಾಗುವುದೂ ಅದಕ್ಕೇ. ಗ್ಲೋಬ್ ಬೇಕಾಗಲಿಲ್ಲ.

ಮಂಗಳವಾರ, ಆಗಸ್ಟ್ 12

ಸರಳಿನ ತೊಂದರೆ ಏನೆಂದರೆ ನೆರಳಿನ ತುದಿ ಮಸುಕು. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಒಂದು ಮೀಟರ್ ಎತ್ತರದಿಂದ ಬೀಳುವ ನೆರಳಿನ ಅಂಚು ಹೆಚ್ಚುಕಮ್ಮಿ 9 ಮಿ.ಮೀ. ಹರಡುತ್ತದೆ. ನೆರಳೇ 2 ಸೆಂ.ಮೀ. ಇರುವಾಗ ಇದು ಜಾಸ್ತಿಯಾಯಿತು. ದಿಕ್ಕಿಗೆ ಸರಳು ಸಾಕು, ಅಳತೆಗೆ ಬೇರೆ ಬೇಕು.

ಹಾಗಾಗಿ ನೆರಳು ಬಿಟ್ಟು ಬೆಳಕು ಹಿಡಿದೆವು. ಪರೀಕ್ಷೆಗೆ ತರುವ ರಟ್ಟಿನ ಪ್ಯಾಡಿನಲ್ಲಿ ಒಂದು ಸಣ್ಣ ತೂತು. ಬೆಂಚಿನ ಮೇಲೆ ಬೆಂಚು ಹಾಕಿ, ತೂತು ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರದಲ್ಲಿರುವ ಹಾಗೆ ಪ್ಯಾಡನ್ನು ಕಟ್ಟಿದೆವು. ತೂತಿನಿಂದ ದಾರ ಇಳಿಬಿಟ್ಟು, ತುದಿಗೆ ಒಂದು ನಟ್ ಕಟ್ಟಿ, ಅದರ ನೇರ ಕೆಳಗೆ ಡ್ರಾಯಿಂಗ್ ಹಾಳೆಯ ಮೇಲೆ ಗುರುತು. ಈಗ ಹಾಳೆಯ ಮೇಲೆ ಬೀಳುವ ದುಂಡನೆಯ ಬೆಳಕಿನ ಬೊಟ್ಟಿನ ನಡುವೆ ಪೆನ್ಸಿಲ್ ಇಟ್ಟರೆ ಮುಗಿಯಿತು. ಒಂದು ಮಿ.ಮೀ. ಆಚೀಚೆ ಅಷ್ಟೇ.

ಇಲ್ಲೊಂದು ಅಡ್ಡದಾರಿ ಹಿಡಿದೆವು, ಅರ್ಧ ಪೀರಿಯಡ್ ಅದಕ್ಕೇ ಹೋಯಿತು. ತೂತು ಮೂರು ಮೂಲೆಯದಾದರೂ ಬೊಟ್ಟು ದುಂಡಗೇ ಬೀಳುತ್ತದೆ. ಚೌಕ ಕತ್ತರಿಸಿ ನೋಡಿದರು, ಆಗಲೂ ದುಂಡಗೆ. ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ ಅಂತ ಗೊತ್ತಾದಾಗ ತರಗತಿಯಲ್ಲಿ ಗದ್ದಲವೋ ಗದ್ದಲ. ಬೇವಿನ ಮರದ ಕೆಳಗೆ ಬೀಳುವ ಬೊಟ್ಟುಗಳೆಲ್ಲ ಸೂರ್ಯನೇನಾ ಅಂತ ನೋಡಲು ಓಡಿದರು. ಹೌದು, ಸೂರ್ಯನೇ.

ಬೊಟ್ಟು ಓಡುವ ವೇಗವೂ ಅವರಿಗೆ ಹೊಸದು. ನಿಮಿಷಕ್ಕೆ 4 ಮಿ.ಮೀ.ಗಿಂತ ಜಾಸ್ತಿ, ಕಣ್ಣೆದುರೇ ಪಶ್ಚಿಮದಿಂದ ಪೂರ್ವಕ್ಕೆ. 12:10ರಿಂದ ಎರಡೆರಡು ನಿಮಿಷಕ್ಕೆ ಗುರುತು ಹಾಕಿದೆವು. ಉತ್ತರ-ದಕ್ಷಿಣ ಗೆರೆಯನ್ನು ದಾಟುವಾಗ ದೂರ 1.6 ಸೆಂ.ಮೀ., ದಕ್ಷಿಣಕ್ಕೆ.

ಬುಧವಾರ, ಆಗಸ್ಟ್ 13

ಮೋಡ. ಮಳೆಗಾಗಿ ಕಾಯುವ ಊರಿನಲ್ಲಿ ಮೋಡ ಬಂದರೆ ಬೈಯೋ ಹಾಗಿಲ್ಲ. ಬೊಟ್ಟು ಬೀಳಲೇ ಇಲ್ಲ. ಗ್ರಾಫ್ ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟೆವು.

ಒಳಗೆ ಕೂತು, ನೆರಳಿನಿಂದ ಭೂಮಿಯನ್ನು ಅಳೆದ ಗ್ರೀಕ್ ವಿದ್ವಾಂಸ ಎರಟೊಸ್ತೆನಿಸ್‌ನ ಕತೆ ಹೇಳಿದೆ. ಕ್ರಿಸ್ತಪೂರ್ವ ಮೂರನೇ ಶತಮಾನ, ಈಜಿಪ್ಟ್. ಸಯೀನ್ ಎಂಬ ಊರಲ್ಲಿ, ಅಂದರೆ ಈಗಿನ ಅಸ್ವಾನ್‌ನಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬಂದು ಬಾವಿಯ ತಳಕ್ಕೆ ಬಿಸಿಲು ಬೀಳುತ್ತಿತ್ತು. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ ಪೂರ್ತಿ ವೃತ್ತದ ಐವತ್ತರಲ್ಲಿ ಒಂದು ಪಾಲಿನಷ್ಟಿತ್ತು. ಎರಡು ಊರಿನ ದೂರ 5,000 ಸ್ಟೇಡಿಯಾ (ಆ ಕಾಲದ ಗ್ರೀಕರ ದೂರದ ಅಳತೆ) ಅಂತ ಹಿಡಿದು ಐವತ್ತರಿಂದ ಗುಣಿಸಿದ. ಭೂಮಿಯ ಸುತ್ತಳತೆ ಬಂತು.

ನಮಗೂ ಒಂದು ಅಲೆಕ್ಸಾಂಡ್ರಿಯಾ ಬೇಕಿತ್ತು. ಕರ್ನಾಟಕದ ನಕ್ಷೆ ಹರಡಿ ಹಿರಿಯೂರಿಂದ ನೇರ ಉತ್ತರಕ್ಕೆ ಸ್ಕೇಲ್ ಇಟ್ಟರೆ ಸಿಗುವುದು ಕಲಬುರಗಿ. ರೇಖಾಂಶ 76.8, ನಮ್ಮದು 76.6. ಇಷ್ಟು ಹೊಂದಿಕೆಯಾಗುವ ಜೋಡಿ ಸಿಗುವುದು ಅಪರೂಪ. ಊರ ಪಕ್ಕದ ಚಾಮರಾಜನಗರ–ಜೇವರ್ಗಿ ಹೆದ್ದಾರಿ ಹಿಡಿದರೆ ಅತ್ತಕಡೆಗೇ ಹೋಗುತ್ತೇವೆ. ಆದರೆ ರಸ್ತೆಯ ಕಿಲೋಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ಬಳಸಿಕೊಂಡು ಹೋಗುತ್ತದೆ. ನಕ್ಷೆಯಲ್ಲಿ ನೇರವಾಗಿ ಅಳೆದು 375 ಕಿ.ಮೀ. ಅಂತ ಹಿಡಿದೆವು. ಕಲಬುರಗಿಯ ಶಾಲೆಯೊಂದರಲ್ಲಿ ನನ್ನ ಬಿ.ಎಡ್. ಗೆಳತಿ ಗಣಿತ ಹೇಳಿಕೊಡುತ್ತಾಳೆ. ಫೋನ್ ಮಾಡಿದರೆ, "ಬರೇ ಪ್ಯಾಡ್, ದಾರ, ನಟ್ ಸಾಕಲ್ಲ? ನಾಳೆನೇ ಮಾಡ್ತೀವಿ ತಗೋ" ಅಂದಳು.

ಮಧ್ಯಾಹ್ನದ ನಂತರ ಪೂರ್ತಿ ಕವಾಯತು. ಬ್ಯಾಂಡಿನ ಡೋಲಿನ ಚರ್ಮ ಸಡಿಲವಾಗಿದೆ, ಅದರ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಗುರುವಾರ, ಆಗಸ್ಟ್ 14

ವಾರದ ಅಸಲಿ ದಿನ ಇದು. ಎರಡೂ ಕಡೆ ಬಿಸಿಲು. ವಿಡಿಯೊ ಕಾಲ್ ಹಾಕಿ ಮೊಬೈಲನ್ನು ಬೆಂಚಿಗೆ ಒರಗಿಸಿ ಇಟ್ಟೆವು. ಅಲ್ಲಿ ಬೊಟ್ಟು ಉತ್ತರ-ದಕ್ಷಿಣ ಗೆರೆ ದಾಟುವುದು ನಮಗಿಂತ ಒಂದು ನಿಮಿಷ ಮೊದಲು, 12:27ಕ್ಕೆ. ಮೊದಲು ಅವರೇ ಕೂಗಿದರು: "ಐದು ಪಾಯಿಂಟ್ ನಾಲ್ಕು ಅದರೀ! ಉತ್ತರಕ್ಕ ಅದರೀ!" ನಮ್ಮ ಹುಡುಗರು ಅವರ ಮಾತಿಗೆ ನಕ್ಕು, ಆಮೇಲೆ ತಮ್ಮದು ಹೇಳಿದರು: ಅರ್ಧ ಸೆಂ.ಮೀ., ದಕ್ಷಿಣಕ್ಕೆ. ಆ ಕಡೆಯವರೂ ನಮ್ಮ ಮಾತಿಗೆ ನಕ್ಕರು. ಲೆಕ್ಕ ಸರಿಹೋಯಿತು.

ಈಗ ಕೂಡಬೇಕೋ ಕಳೆಯಬೇಕೋ? ತರಗತಿಯಲ್ಲಿ ಎರಡು ಪಕ್ಷ ಆಯಿತು. ಜೋರು ಇದ್ದದ್ದು ಕಳೆಯುವವರ ಪಕ್ಷ. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಏಳನೇ ತರಗತಿಯ ಹುಡುಗಿಯೊಬ್ಬಳು ನಕ್ಷೆಯ ಮುಂದೆ ನಿಂತು, "ಅವರ ಬೊಟ್ಟು ಆ ಕಡೆ ಹೋಗಿದೆ, ನಮ್ಮದು ಈ ಕಡೆ. ಅಂದ್ರೆ ಸೂರ್ಯ ಇಬ್ಬರ ಮಧ್ಯ ಇದ್ದಾನೆ. ಇವತ್ತು ಚಿತ್ರದುರ್ಗದ ಮೇಲೆ" ಅಂದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ಆಗಸ್ಟ್‌ನಲ್ಲಿ ಸೂರ್ಯ ನೆತ್ತಿಗೆ ಬರುವ ಗೆರೆ ದಿನಕ್ಕೆ ಸುಮಾರು 33 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ. ತಿಂಗಳ ಮೊದಲಿಗೆ ಬೀದರ್, 14ಕ್ಕೆ ಚಿತ್ರದುರ್ಗ, 15ಕ್ಕೆ ನಾವು, 21ರ ಸುಮಾರಿಗೆ ಚಾಮರಾಜನಗರ. ಬಡಗಣ ತುದಿಯಿಂದ ತೆಂಕಣ ತುದಿಗೆ ರಾಜ್ಯವನ್ನು ದಾಟಲು ಸೂರ್ಯನಿಗೆ ಇಪ್ಪತ್ತು ದಿನ ಬೇಕು.

ಕೂಡಿದರೆ 5.9 ಸೆಂ.ಮೀ. ಏಳನೇ ತರಗತಿಗೆ ತ್ರಿಕೋನಮಿತಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಒಂದು ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆ, 22/7 ಹಿಡಿದರೆ, 628.6 ಸೆಂ.ಮೀ. ಅದರಲ್ಲಿ 5.9ರ ತುಂಡು ಎಷ್ಟು ಸಲ ಹಿಡಿಸುತ್ತದೆ? 106.5 ಸಲ. ಹಿರಿಯೂರು-ಕಲಬುರಗಿಯ ನಡುವಿನ 375 ಕಿ.ಮೀ. ತುಂಡೂ ಭೂಮಿಯ ಸುತ್ತ ಅಷ್ಟೇ ಸಲ ಹಿಡಿಸಬೇಕು. ಗುಣಿಸಿದರೆ 39,950 ಕಿ.ಮೀ. ಹತ್ತಿರ. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ 40,008.

ಕೂಗಾಟ ನಿಂತ ಮೇಲೆ ಇನ್ನೊಂದು ಕೆಲಸ ಕೊಟ್ಟೆ. 5.9ರ ಬದಲು 5.8 ಹಾಕಿ ನೋಡಿ, ಆಮೇಲೆ 6 ಹಾಕಿ ನೋಡಿ. 40,640 ಬಂತು, 39,286 ಬಂತು. ಪೆನ್ಸಿಲ್ ಒಂದು ಮಿ.ಮೀ. ಸರಿದರೆ ಭೂಮಿ ಸುಮಾರು 700 ಕಿ.ಮೀ. ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ನಮ್ಮ ಉತ್ತರ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಇದು ಕೆಲವರಿಗೆ ಬೇಸರ ತಂತು. ಎಂಟನೇ ತರಗತಿಯ ಒಬ್ಬ ಮಾತ್ರ, "ಹಂಗಾದ್ರೆ ಎರಡು ಮೀಟರ್ ಎತ್ತರದಲ್ಲಿ ತೂತು ಇಟ್ಟರೆ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ದೂರ ಎರಡರಷ್ಟಾಗುತ್ತದೆ, ಆದರೆ ಬೊಟ್ಟೂ ದೊಡ್ಡದಾಗುತ್ತದೆ, ಮಂಕೂ ಆಗುತ್ತದೆ. ಮಾಡಿಯೇ ನೋಡಬೇಕು.

ಶುಕ್ರವಾರ, ಆಗಸ್ಟ್ 15

ಪ್ರಭಾತ ಫೇರಿ, ಧ್ವಜಾರೋಹಣ, ಭಾಷಣಗಳು, ಬೂಂದಿ ಲಾಡು. ಹನ್ನೊಂದಕ್ಕೆಲ್ಲ ಮುಗಿಯಿತು. 12:28ರವರೆಗೆ ಮಕ್ಕಳನ್ನು ಹಿಡಿದಿಡುವುದೇ ದೊಡ್ಡ ಕೆಲಸ. ಕಬಡ್ಡಿ ಆಡಿಸಿದೆವು. ಕೆಲವು ಅಪ್ಪ ಅಮ್ಮಂದಿರೂ ಕುತೂಹಲಕ್ಕೆ ನಿಂತರು.

ಬೊಟ್ಟು ಗುರುತಿನ ಮೇಲೇ ಬಂದು ಕೂತಿತು. ಸರಳಿನ ನೆರಳು ಬುಡದಲ್ಲೇ ಅಡಗಿತು. ಕಲಬುರಗಿಯಲ್ಲಿ ಮೋಡವಂತೆ, ಹಿಂದಿನ ದಿನವೇ ಅಳೆದದ್ದು ಒಳ್ಳೆಯದಾಯಿತು.

ಎಲ್ಲರೂ ಕಾಯುತ್ತಿದ್ದದ್ದು ಧ್ವಜಸ್ತಂಭಕ್ಕೆ. ಅದರ ನೆರಳು ಮಾತ್ರ ಮಾಯವಾಗಲಿಲ್ಲ! ಕಟ್ಟೆಯ ಮೇಲೆ ಪೂರ್ವಕ್ಕೆ ಗೇಣುದ್ದ ಬಿದ್ದೇ ಇತ್ತು. ಒಬ್ಬ ಹುಡುಗ ದಾರಕ್ಕೆ ನಟ್ ಕಟ್ಟಿ ಕಂಬದ ಪಕ್ಕ ಹಿಡಿದ. ಕಂಬವೇ ಪೂರ್ವಕ್ಕೆ ವಾಲಿದೆ. ಸೂರ್ಯ ನೇರ ಮೇಲಿದ್ದಾಗ ನೆರಳು ತೋರಿಸುವುದು ಕಂಬದ ವಾಲಿಕೆಯನ್ನೇ. ಮುಖ್ಯ ಶಿಕ್ಷಕರು ಕಣ್ಣು ಕಿರಿದು ಮಾಡಿ ನೋಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇಡೋಣ ಅಂದರು.

ಶನಿವಾರ, ಆಗಸ್ಟ್ 16

ತಿಂಗಳ ಮೂರನೇ ಶನಿವಾರ, ಅಂದರೆ ಸಂಭ್ರಮ ಶನಿವಾರ, ಬ್ಯಾಗ್ ಇಲ್ಲ. ಬೆಳಗಿನ ಶಾಲೆಯಾದ್ದರಿಂದ 12:28ಕ್ಕೆ ಉಳಿದದ್ದು ಊರೊಳಗಿನವರು ಮಾತ್ರ. ಬೊಟ್ಟು ಈಗ ಉತ್ತರಕ್ಕೆ ಅರ್ಧ ಸೆಂ.ಮೀ. ಸೂರ್ಯ ನಮ್ಮನ್ನು ದಾಟಿ ತೆಂಕಣಕ್ಕೆ ಹೋದ. ಗ್ರಾಫಿನಲ್ಲಿ ಚುಕ್ಕಿಗಳನ್ನು ಸೇರಿಸಿದರೆ ಹೆಚ್ಚುಕಮ್ಮಿ ನೇರ ಗೆರೆ, ದಿನಕ್ಕೆ ಅರ್ಧ ಸೆಂ.ಮೀ. ಖಾಲಿ ಬಿಟ್ಟಿದ್ದ ಬುಧವಾರದ ಜಾಗದಲ್ಲಿ ಗೆರೆ ಒಂದು ಸೆಂ.ಮೀ. ಹತ್ತಿರ ಹಾಯುತ್ತದೆ. ಅಲ್ಲಿ ಚುಕ್ಕಿ ಇಡಬಹುದಾ ಅಂತ ಜಗಳವಾಗಿ, ಪೆನ್ಸಿಲ್‌ನಲ್ಲಿ ಖಾಲಿ ಸೊನ್ನೆ ಬರೆಯುವುದು ಅಂತ ಒಪ್ಪಂದವಾಯಿತು. ಅಳೆದದ್ದು ತುಂಬಿದ ಚುಕ್ಕಿ, ಊಹಿಸಿದ್ದು ಸೊನ್ನೆ.

ಮುಂದಿನದು ಸೆಪ್ಟೆಂಬರ್ 22-23ರ ವಿಷುವದ ಅಳತೆ, ಅಂದರೆ ಸೂರ್ಯ ಸಮಭಾಜಕದ ನೆತ್ತಿಗೆ ಬರುವ ದಿನದ್ದು. ಆ ದಿನ ಮಧ್ಯಾಹ್ನದ ಕೋನವೇ ನಮ್ಮ ಅಕ್ಷಾಂಶ, ಬೊಟ್ಟು ಸುಮಾರು 25 ಸೆಂ.ಮೀ. ದೂರ ಬೀಳಬೇಕು. ಆಗ ದಸರಾ ರಜೆ. ಅಂಗಳದ ಗೇಟಿನ ಕೀಲಿ ಅಡುಗೆಯ ಅಕ್ಕನ ಹತ್ತಿರ ಇರುತ್ತದೆ, ಬರುತ್ತೇವೆ ಅಂತ ಹೆಸರು ಕೊಟ್ಟವರ ಪಟ್ಟಿ ಗೋಡೆಗೆ ಅಂಟಿಸಿದ್ದೇನೆ. ಎರಡು ಮೀಟರ್ ಎತ್ತರಕ್ಕೆ ಏಣಿ ಯಾರ ಮನೆಯಿಂದ ತರುವುದು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ.